ಸಮುದ್ರಕ್ಕೆ ಬೆನ್ನು ಹಾಕಿ

ಗಂಡ ಲಾಂಚಿನಿಂದ ಇಳಿದು ದ್ವೀಪದ ಕಟ್ಟೆಯ ಮೇಲೆ ಕಾಲಿಟ್ಟ ಗಳಿಗೆಯಿಂದ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಮಗುವನ್ನು ಶಾಲೆಗೆ ಸೇರಿಸಲು ಕರೆದೊಯ್ದ ತಾಯಿ, ಹೆಡ್‌ಮಾಸ್ಟರು ಮಗುವಿಗೆ ಪ್ರಶ್ನೆ ಕೇಳುತ್ತಿರುವಾಗ ಪಕ್ಕದಲ್ಲಿ ಕೂತು ಬೆವರುತ್ತಾಳಲ್ಲ, ಹಾಗೆ. ಇಲ್ಲಿ ಮಗು ಎಂದರೆ ದ್ವೀಪ, ಹೆಡ್‌ಮಾಸ್ಟರು ಎಂದರೆ ಗಂಡ. ಅವನು ಕಟ್ಟೆಯ ಮೇಲೆ ನಿಂತು ಒಮ್ಮೆ ಎಡಕ್ಕೆ ನೋಡಿದ, ಒಮ್ಮೆ ಬಲಕ್ಕೆ ನೋಡಿದ, ಮೂಗು ಮೇಲೆತ್ತಿ ಗಾಳಿ ಎಳೆದುಕೊಂಡ.

"ಮೀನಿನ ವಾಸನೆ," ಎಂದ.

ಮೊದಲ ಪ್ರಶ್ನೆಗೇ ಒಂದು ಅಂಕ ಹೋಯಿತು ಎಂದುಕೊಂಡಳು ಅವಳು.

ಅವರ ಬೀದಿಯಲ್ಲಿ ಎಲ್ಲರೂ ಅವಳನ್ನು ಸ್ಟುಡಿಯೋ ಅಕ್ಕ ಎನ್ನುತ್ತಿದ್ದರು. ಮುಂದಿನ ಕೋಣೆಯಲ್ಲಿ ಅವಳು ಫೋಟೋ ತೆಗೆಯುತ್ತಿದ್ದಳು, ಹಿಂದಿನ ಕೋಣೆಯಲ್ಲಿ ಗಂಡ ಪ್ರಿಂಟ್ ಹಾಕುತ್ತಿದ್ದ. ನಡುವೆ ಒಂದು ಪರದೆ. "ಗದ್ದ ಸ್ವಲ್ಪ ಕೆಳಗೆ, ಕಿವಿ ಎರಡೂ ಕಾಣಬೇಕು, ನಗಬೇಡಿ." ಮದುವೆಯಾದಂದಿನಿಂದ ಅವಳದು ಇದೇ ಪಾಠ. ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆದೂ ತೆಗೆದೂ ಅವಳಿಗೆ ಮನುಷ್ಯರ ಮುಖವೆಂದರೆ ಸಾಕುಸಾಕಾಗಿತ್ತು. ಊರಿಗೆಲ್ಲ ನಗಬೇಡಿ ಎಂದು ಹೇಳಿ ಹೇಳಿ ತಾನೇ ನಗುವುದನ್ನು ಬಿಟ್ಟಿದ್ದಳು. ಅದು ಅವಳ ಗಮನಕ್ಕೆ ಬಂದಿರಲಿಲ್ಲ, ಗಂಡನ ಗಮನಕ್ಕೆ ಬಂದಿತ್ತೋ ಏನೋ, ಅವನು ಹೇಳುವವನಲ್ಲ.

ಹೀಗಿರುವಾಗ ಗಿರಾಕಿಯೊಬ್ಬರು ಫೋಟೋ ಶಿಬಿರಕ್ಕೆಂದು ಹೆಸರು ಕೊಟ್ಟು, ಬೆನ್ನು ನೋವೆಂದು ಕೊನೆಗಳಿಗೆಯಲ್ಲಿ ಹೋಗಲಾಗದೆ, "ನೀವೇ ಹೋಗಿ ಬನ್ನಿ ಅಕ್ಕಾ" ಎಂದು ತಮ್ಮ ಜಾಗ ಇವಳಿಗೆ ಬಿಟ್ಟುಕೊಟ್ಟರು. ಒಂದು ವಾರ, ದ್ವೀಪದಲ್ಲಿ. ಹೋದಳು. ಮೊದಲ ದಿನ ಶಿಬಿರದ ಮೇಷ್ಟ್ರು ಎಲ್ಲರಿಗೂ ಒಂದೊಂದು ಜಾಗ ಹಂಚಿ, "ಸಂಜೆವರೆಗೂ ಇಲ್ಲಿಂದ ಕದಲಬೇಡಿ, ಇರೋದನ್ನೇ ನೋಡಿ" ಎಂದರು. ಅವಳ ಪಾಲಿಗೆ ಬಂದದ್ದು ಒಂದು ಮುರುಕು ಕಟ್ಟೆ, ಅದರ ಮೇಲೆ ಒಣಗಲು ಹಾಕಿದ ಬಲೆ. ಮಧ್ಯಾಹ್ನದವರೆಗೆ ಮೇಷ್ಟ್ರಿಗೆ ಮನಸ್ಸಿನಲ್ಲೇ ಶಾಪ ಹಾಕಿದಳು. ಆಮೇಲೆ ಬಿಸಿಲು ಓರೆಯಾಗಿ ಬಲೆಯ ನೆರಳು ಕಟ್ಟೆಯ ಮೇಲೆ ಹೆಣೆದುಕೊಂಡಿತು. ಸಂಜೆ ಮೇಷ್ಟ್ರು ಬಂದು ಕರೆದಾಗ ಅವಳು ಏಳಲೊಲ್ಲಳು. ಅಲ್ಲಿಗೆ ಆಗಬೇಕಾದ್ದು ಆಗಿಹೋಗಿತ್ತು. ಪ್ರೀತಿ ಎನ್ನುವುದಕ್ಕೆ ಬೇರೆ ಹೆಸರಿಟ್ಟು ಸುತ್ತಿ ಬಳಸಿ ಹೇಳುವುದು ಯಾಕೆ? ಅವಳು ಆ ದ್ವೀಪವನ್ನು ಪ್ರೀತಿಸಿದಳು. ಮತ್ತೆ ಹೋದಳು, ಮತ್ತೆ ಮತ್ತೆ ಹೋದಳು. ಮೇಷ್ಟ್ರಿಗೆ ವಯಸ್ಸಾಗಿ ಮಂಡಿ ಕೈಕೊಟ್ಟಾಗ ಶಿಬಿರ ನಡೆಸುವ ಕೆಲಸವನ್ನು ಅವಳ ಕೈಗೇ ಒಪ್ಪಿಸಿದರು. ಅಂಗಡಿಯಲ್ಲಿ ಸ್ಟುಡಿಯೋ ಅಕ್ಕ ಆಗಿದ್ದವಳು ದ್ವೀಪದಲ್ಲಿ ಮೇಡಂ ಆದಳು.

ಗಂಡ ದ್ವೀಪವನ್ನು ಕಂಡಿದ್ದು ಅವಳ ಫೋಟೋಗಳಲ್ಲಿ ಮಾತ್ರ. ಅವಳು ತಂದದ್ದನ್ನೆಲ್ಲ ಹಿಂದಿನ ಕೋಣೆಯಲ್ಲಿ ಅವನೇ ಪ್ರಿಂಟ್ ಹಾಕುತ್ತಿದ್ದ. ಅದರಲ್ಲೊಂದು ಎಮ್ಮೆ ಬಂಡೆಯದು. ನೀರಿನಲ್ಲಿ ಮಲಗಿದ ಎಮ್ಮೆಯ ಹಾಗೆ ಕಪ್ಪಗೆ, ನುಣ್ಣಗೆ ಒಂದು ಬಂಡೆ, ಸುತ್ತ ಹಾಲಿನ ಕೆನೆಯಂಥ ಬಿಳುಪು. ಆ ಬಿಳುಪು ಸರಿಯಾಗಿ ಬರಲೆಂದು ಅವನು ಎಷ್ಟೋ ಕಾಗದ ಹಾಳು ಮಾಡಿ, ಕೊನೆಗೆ ದೊಡ್ಡದೊಂದು ಪ್ರಿಂಟ್ ತೆಗೆದು, ಚೌಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದ. ಬಂದವರೆಲ್ಲ "ಅಬ್ಬಾ, ಎಂಥ ಶಾಂತಿ" ಎನ್ನುತ್ತಿದ್ದರು. ಕ್ಯಾಮೆರಾದ ಬಾಯನ್ನು ನಾಲ್ಕೈದು ನಿಮಿಷ ತೆರೆದೇ ಇಟ್ಟರೆ ಏಳುವ ಬೀಳುವ ಅಲೆಗಳೆಲ್ಲ ಒಂದರ ಮೇಲೊಂದು ಅಳಿಸಿಕೊಂಡು ನೀರು ಹೀಗೆ ಕಾಣುತ್ತದೆ ಎಂದು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಗಂಡನಿಗೆ ಗೊತ್ತಿದ್ದೀತು ಎಂದುಕೊಂಡಿದ್ದಳು. ಅವನು ಪ್ರಿಂಟಿನವನು. ಕಾಗದದ ಮೇಲೆ ಬಂದದ್ದನ್ನು ನಂಬುವುದೇ ಅವನ ಕಸುಬು.

ಅಂಗಡಿ ಮುಚ್ಚಿ ದ್ವೀಪಕ್ಕೇ ಹೋಗಿಬಿಡೋಣ ಎಂದು ಅವಳು ಕೇಳತೊಡಗಿ ಎರಡು ವರ್ಷವಾಗಿತ್ತು. ಅಲ್ಲಿ ವಸತಿಗೃಹದ ಹಿಂದೆ ಎರಡು ಕೋಣೆ ಖಾಲಿ ಇವೆ, ವರ್ಷವಿಡೀ ಶಿಬಿರ ನಡೆಸಬಹುದು, ನಿಮ್ಮ ಪ್ರಿಂಟರನ್ನೂ ಅಲ್ಲೇ ಇಟ್ಟುಕೊಳ್ಳಬಹುದು. ಪ್ರತಿ ಸಲವೂ ಅವನದು ಒಂದೇ ಉತ್ತರ: "ನೋಡೋಣ." ಮನೆಯಲ್ಲಿ ಆ ಮಾತಿಗೆ ಆಗುವುದಿಲ್ಲ ಎಂದೇ ಅರ್ಥ. ಈ ಸಲ ಮಾತ್ರ ಅವಳು ಚೀಲ ತುಂಬುತ್ತಿರುವಾಗ ತನ್ನ ಚೌಕಳಿ ಅಂಗಿಯನ್ನು ತಂದು ಮೇಲಿಟ್ಟ. "ನಾನೂ ಬರ್ತೀನಿ. ಅಷ್ಟು ಹೊಗಳ್ತೀಯಲ್ಲ, ನೋಡೇಬಿಡೋಣ ಅದೇನಿದೆ ಅಂತ."

ನೀರೆಂದರೆ ಅವನಿಗೆ ಆಗದು. ಮಳೆ ನಿಂತ ಮೇಲೆ ರಸ್ತೆಯ ಹೊಂಡ ದಾಟುವುದಕ್ಕೂ ಪ್ಯಾಂಟು ಮಡಚಿ ಹಿಂದೆ ಮುಂದೆ ನೋಡುವ ಆಸಾಮಿ. ಲಾಂಚಿನಲ್ಲಿ ನಟ್ಟನಡುವೆ ಕೂತು ಕಬ್ಬಿಣದ ಕಂಬವನ್ನು ಅಪ್ಪಿಕೊಂಡು ಬಂದಿದ್ದ. ಕಂಬದಿಂದ ಅವನನ್ನು ಬಿಡಿಸಲು ಇಬ್ಬರು ಬೇಕಾದಾರೆಂದು ಶಿಬಿರಕ್ಕೆ ಬಂದ ಹಲ್ಲಿನ ಡಾಕ್ಟರಮ್ಮ ತಮಾಷೆ ಮಾಡಿದ್ದರು. ಅವಳೂ ನಕ್ಕ ಹಾಗೆ ಮಾಡಿದ್ದಳು. ಒಳಗೊಳಗೇ ಮಾತ್ರ ಅಳುಕು. ಇವನು ಈ ಸಲ ಬೇಡ ಎಂದನೋ, ಮುಗಿಯಿತು. ಮತ್ತೆ ಕೇಳುವ ಬಾಯಿ ಇರುವುದಿಲ್ಲ. ಹಾಸಿಗೆ ಗಟ್ಟಿ ಎಂದ, ಅವಳ ಜೀವ ಹಾರಿತು. ನಲ್ಲಿ ನೀರು ಸಪ್ಪೆ ಎಂದ, ಮತ್ತೆ ಹಾರಿತು. ರಾತ್ರಿ ಮಲಗುವಾಗ, "ಗಾಳಿ ಚೆನ್ನಾಗಿದೆ," ಎಂದ. ಅವಳಿಗೆ ಆ ಒಂದು ಮಾತಿನ ಮೇಲೆ ನಿದ್ದೆ ಬಂತು.

ಮಾರನೆಯ ದಿನ ಬೆಳಿಗ್ಗೆ ಶಿಬಿರದವರನ್ನು ಕೂರಿಸಿಕೊಂಡು ಸಂಜೆಯ ಪಾಠ ಹೇಳಿದಳು. ಸಂಜೆ ಎಮ್ಮೆ ಬಂಡೆ. ಇಳಿತದ ಹೊತ್ತಿನಲ್ಲಿ ಬಂಡೆಯವರೆಗೂ ಮರಳಿನ ದಾರಿ ತೆರೆದುಕೊಳ್ಳುತ್ತದೆ, ಯಾರೂ ಆ ಕಡೆ ಹೆಜ್ಜೆ ಹಾಕಬಾರದು, ಉಬ್ಬರ ಬಂತೆಂದರೆ ಆ ದಾರಿ ನೋಡನೋಡುತ್ತಿದ್ದಂತೆ ಮುಳುಗುತ್ತದೆ. "ಫೋಟೋದಲ್ಲಿ ಯಾರಾದ್ರೂ ಅಡ್ಡ ಬಂದ್ರೆ?" ಎಂದು ಯಾರೋ ಕೇಳಿದರು. "ಚಿಂತೆ ಬೇಡ. ಅಷ್ಟು ಹೊತ್ತು ತೆರೆದಿಟ್ರೆ ಅಲುಗಾಡೋ ಮನುಷ್ಯರು ಫೋಟೋದಲ್ಲಿ ಉಳಿಯೋದೇ ಇಲ್ಲ. ಅಳಿಸಿಹೋಗ್ತಾರೆ," ಎಂದಳು. ಎಲ್ಲರಿಗೂ ಹೇಳಿದಳು. ಗಂಡ ಶಿಬಿರದವನಲ್ಲವಲ್ಲ, ಅವನು ಆಗ ವಸತಿಗೃಹದ ಹಿಂದಿನ ಖಾಲಿ ಕೋಣೆಗಳನ್ನು ನೋಡಲು ಹೋಗಿದ್ದ. ಅದನ್ನು ಕಿಟಕಿಯಿಂದ ಕಂಡು ಅವಳು ಒಳಗೇ ಹಿಗ್ಗಿದ್ದಳು.

ಶಿಬಿರದಲ್ಲಿ ಅವಳದೊಂದು ಕಟ್ಟುನಿಟ್ಟು ಇತ್ತು. ಮೇಷ್ಟ್ರ ಕಾಲದಿಂದ ಬಂದದ್ದು, ಅವಳು ಇನ್ನಷ್ಟು ಬಿಗಿ ಮಾಡಿದ್ದಳು. ಕ್ಯಾಮೆರಾದ ಬಾಯಿ ತೆರೆದದ್ದೇ ತಡ, ಎಲ್ಲರೂ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಕು. ನೋಡುತ್ತ ನಿಂತವರ ಕೈ ಸುಮ್ಮನಿರುವುದಿಲ್ಲ. ಟ್ರೈಪಾಡು ಮುಟ್ಟುತ್ತಾರೆ, ಫೋಟೋ ಕೆಡುತ್ತದೆ. ಆದ್ದರಿಂದ ಬೆನ್ನು ತಿರುಗಿಸಿ, ಹರಟೆ ಹೊಡೆಯಿರಿ. ಬೇಕಾದರೆ ಹಾಡಿ.

ಆ ಸಂಜೆ ಹರಟೆ ಚೆನ್ನಾಗಿಯೇ ಕಳೆಗಟ್ಟಿತು. ಕ್ಯಾಮೆರಾಗಳು ಸಾಲಾಗಿ ಬಂಡೆಯ ಕಡೆ ಮುಖ ಮಾಡಿ ನಿಂತಿದ್ದವು. ಮನುಷ್ಯರು ಸಾಲಾಗಿ ಗುಡ್ಡದ ಕಡೆ ಮುಖ ಮಾಡಿ ನಿಂತಿದ್ದರು. ಡಾಕ್ಟರಮ್ಮ ತಮ್ಮ ರೋಗಿಗಳ ಕಥೆ ತೆಗೆದರು. ಒಬ್ಬಾತ ಹಲ್ಲು ಕೀಳಿಸಿಕೊಳ್ಳಲು ಬಂದು, ಹೆದರಿ, ಕುರ್ಚಿಯಿಂದ ಎದ್ದು ಓಡಿದನಂತೆ, ಕತ್ತಿಗೆ ಕಟ್ಟಿದ ಬಟ್ಟೆ ಸಮೇತ ಬಸ್ಸು ಹತ್ತಿದನಂತೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂತು. ಹಿಂದೆ ಅಲೆಗಳ ಸದ್ದು, ಮೇಲೆ ಹಕ್ಕಿಗಳ ಅರಚಾಟ. ಅದರ ನಡುವೆ ಒಂದು ಸಲ ಯಾರೋ ಕೂಗಿದ ಹಾಗಾಯಿತು. ಹಕ್ಕಿ ಎಂದುಕೊಂಡಳು. ಒಂದು ಫೋಟೋ ಆಯಿತು, ಎಲ್ಲರೂ ಟವೆಲ್ಲಿನಡಿ ತಲೆ ಹಾಕಿ ಬಿಸಿಲು ಮರೆಮಾಡಿ ಕ್ಯಾಮೆರಾದ ಪರದೆ ನೋಡಿದರು, ಮತ್ತೆ ಅದರ ಬಾಯಿ ತೆರೆದರು, ಮತ್ತೆ ಬೆನ್ನು ಹಾಕಿದರು. ಹೀಗೆ ನಾಲ್ಕಾರು ಸಲ.

"ಮೇಡಂ, ನಂದು ಕೆಟ್ಟುಹೋಯ್ತು ನೋಡಿ," ಎಂದು ಡಾಕ್ಟರಮ್ಮ ಕರೆದರು. ಅವರು ಯಾವುದೋ ಗುಂಡಿ ತಪ್ಪಾಗಿ ತಿರುಗಿಸಿ, ಕ್ಯಾಮೆರಾ ತೆರೆದ ಕೂಡಲೇ ಮುಚ್ಚಿಕೊಂಡುಬಿಟ್ಟಿತ್ತು. ಎಲ್ಲರದ್ದೂ ಹಾಲಿನ ಕೆನೆ, ಅವರದು ಮಾತ್ರ ಬರೀ ಅಲೆ. "ಸಾಲದ್ದಕ್ಕೆ ಯಾವನೋ ಪುಣ್ಯಾತ್ಮ ಬಂಡೆ ಮೇಲೆ ಬಂದು ನಿಂತಿದಾನೆ. ಕೈ ಬೇರೆ ಎತ್ತಿದಾನೆ."

ಅವಳು ನಗುತ್ತಲೇ ಟವೆಲ್ಲಿನಡಿ ತಲೆ ಹಾಕಿದಳು. ಚಿತ್ರವನ್ನು ದೊಡ್ಡದು ಮಾಡಿದಳು. ಬಂಡೆಯ ತುದಿಯಲ್ಲಿ ಒಬ್ಬ ಮನುಷ್ಯ, ಎರಡೂ ಕೈ ಮೇಲೆ. ಚೌಕಳಿ ಅಂಗಿ.

ಅಂಗಿಯನ್ನು ಇನ್ನಷ್ಟು ದೊಡ್ಡದು ಮಾಡಿದಳು. "ಇದು ಯಾವಾಗ ತೆಗೆದದ್ದು?"

"ಆಗಲೇ ಮೇಡಂ. ಆ ಬಸ್ಸು ಹತ್ತಿದವನ ಕಥೆ ಹೇಳ್ತಿದ್ನಲ್ಲ, ಆವಾಗ."

ತಲೆ ಎತ್ತಿ ನೋಡಿದಳು. ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಿದ್ದ. ಮರಳಿನ ದಾರಿ ಇರಲಿಲ್ಲ. ದಾರಿ ಇದ್ದ ಕಡೆ ನೀರು ಸುರುಳಿ ಸುತ್ತುತ್ತಿತ್ತು. ಎಮ್ಮೆಯ ಬೆನ್ನಷ್ಟೇ ಮೇಲಿತ್ತು, ಹೊಟ್ಟೆ ಮುಳುಗಿತ್ತು. ಬೆನ್ನಿನ ಮೇಲೆ ಯಾರೂ ಇರಲಿಲ್ಲ.

ಆಗ ಅವಳು ಮಾಡಿದ್ದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ. ನೀರಿಗೆ ಓಡುವುದು ಬಿಟ್ಟು ತನ್ನ ಕ್ಯಾಮೆರಾದ ಫೋಟೋಗಳನ್ನು ಒಂದೊಂದಾಗಿ ತಿರುವಿದಳು, ಅವನಿದ್ದಾನೆಯೇ ಎಂದು. ಯಾವುದರಲ್ಲೂ ಇರಲಿಲ್ಲ. ಬಂಡೆ, ಬಿಳುಪು, ಬಂಡೆ, ಬಿಳುಪು. ಸದ್ಯ ಇಲ್ಲವಲ್ಲ ಎಂದು ಅರೆಗಳಿಗೆ ಉಸಿರು ಬಿಟ್ಟಳು. ಮರುಗಳಿಗೆಯೇ ಬೆಳಿಗ್ಗೆ ತಾನು ಆಡಿದ ಮಾತು ತಲೆಗೆ ಹೊಡೆಯಿತು. ಅಲುಗಾಡುವ ಮನುಷ್ಯರು ಉಳಿಯುವುದಿಲ್ಲ. ಅವನು ಕೈ ಬೀಸಿದ್ದಾನೆ, ಕೂಗಿದ್ದಾನೆ, ಅತ್ತಿಂದಿತ್ತ ಓಡಾಡಿದ್ದಾನೆ. ಎಷ್ಟು ಜೋರಾಗಿ ಕೈ ಬೀಸಿದನೋ ಅಷ್ಟು ಚೊಕ್ಕಟವಾಗಿ ಅಳಿಸಿಹೋಗಿದ್ದಾನೆ.

"ರೀ!" ಎಂದು ಅವಳು ಕಿರುಚಿದ್ದು ಅವಳಿಗೇ ಬೇರೆ ಯಾರದೋ ದನಿಯ ಹಾಗೆ ಕೇಳಿಸಿತು.

ಕಟ್ಟೆಯ ಹತ್ತಿರ ಬಲೆ ಸರಿಮಾಡುತ್ತಿದ್ದ ದೋಣಿಯವನು ಕಿರುಚಿದ ದನಿಗೇ ಎದ್ದು ಬಂದಿದ್ದ. ಯಾರು, ಏನು, ಎಲ್ಲಿ ಎಂದು ಅವನು ಹೆಚ್ಚು ಕೇಳಲಿಲ್ಲ. ದೋಣಿಯನ್ನು ನೀರಿಗೆ ತಳ್ಳಿದ. ಅವಳು ಸೊಂಟದವರೆಗಿನ ನೀರಿಗೆ ಇಳಿದು ದೋಣಿ ಹತ್ತಲು ಹೋದಳು.

"ನೀವು ಬರಬೇಡಿ."

"ನನ್ನ ಗಂಡ ಅಲ್ಲಿರೋದು!"

"ಅದಕ್ಕೇ ಹೇಳ್ತಿರೋದು, ಬರಬೇಡಿ. ಕೆಳಗೆ ಕೂತವನಿಗೆ ಈ ಬಿಸಿಲಲ್ಲಿ ಏನೂ ಕಾಣಲ್ಲ. ಆ ಎತ್ತರದ ಕಲ್ಲು ಹತ್ತಿ. ಅವರು ಕಂಡ ಕೂಡಲೇ ಆ ಕಡೆ ಕೈ ಚಾಚಿ. ಚಾಚಿದ ಕೈ ಇಳಿಸಬೇಡಿ, ಅವರ ಮೇಲಿಂದ ಕಣ್ಣು ತೆಗೀಬೇಡಿ. ನಾನು ನಿಮ್ಮ ಕೈ ನೋಡ್ಕೊಂಡು ಹೋಗ್ತೀನಿ. ಕಣ್ಣು ತೆಗೆದ್ರೋ, ಮತ್ತೆ ಸಿಗಲ್ಲ."

ಕಲ್ಲು ಹತ್ತಿದಳು. ಮಂಡಿ ತರಚಿತು. ಮೊದಲಿಗೆ ಕಂಡದ್ದು ಬೆಳಕು ಮಾತ್ರ. ಬಂಗಾರದ ತಗಡನ್ನು ಕಣ್ಣಿಗೆ ಹಿಡಿದ ಹಾಗೆ. ಈ ಬೆಳಕಿಗೋಸ್ಕರವೇ ಅವಳು ಜನರನ್ನು ದೂರದೂರದಿಂದ ಕರೆಸುತ್ತಿದ್ದದ್ದು. ಎಂಥ ಬೆಳಕು ಎಂದು ಮನಸ್ಸಿನ ಯಾವುದೋ ಮೂಲೆ ಆಗಲೂ ಹೇಳಿತು. ತನ್ನ ಮನಸ್ಸಿನ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು.

ಆಮೇಲೆ ಕಂಡ. ಬಂಡೆಯ ಆಚೆ ಬದಿಯ ಸೀಳಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಲಾಂಚಿನ ಕಂಬವನ್ನು ಅಪ್ಪಿದ ಹಾಗೆಯೇ ಬಂಡೆಯನ್ನು ಅಪ್ಪಿಕೊಂಡಿದ್ದ. ಅವಳು ಕೈ ಚಾಚಿದಳು. ಅಲೆ ಬಂತು. ಬಂಡೆ ಮುಚ್ಚಿತು. ಗಂಡ ಇಲ್ಲ. ನೀರು ಇಳಿಯಿತು. ತಲೆ ಕಂಡಿತು. ಮತ್ತೆ ಅಲೆ.

ಕಣ್ಣು ಉರಿಯಿತು. ನೀರು ಸುರಿಯಿತು. ಒರೆಸಿಕೊಳ್ಳಲು ರೆಪ್ಪೆ ಮುಚ್ಚಬೇಕು. ಮುಚ್ಚಲಿಲ್ಲ. ಕೈ ಸೀಸದಷ್ಟು ಭಾರವಾಯಿತು. ಡಾಕ್ಟರಮ್ಮ ಹಿಂದಿನಿಂದ ಬಂದು ಅವಳ ಮೊಣಕೈಗೆ ತಮ್ಮ ಭುಜ ಕೊಟ್ಟು ನಿಂತರು. ದೋಣಿ ಎಡಕ್ಕೆ ಹೊರಳಿತು. ದೋಣಿಯವನು ತಿರುಗಿ ಅವಳ ಕೈ ನೋಡಿದ, ಬಲಕ್ಕೆ ತಿರುಗಿಸಿದ. ಸಿಕ್ಕದಿದ್ದರೆ ಏನು ಮಾಡಲಿ? ನಾನೇ ಕರೆದದ್ದು. ಎರಡು ವರ್ಷ ಬೆನ್ನು ಬಿಡದೆ ಕರೆದೆ. ಅವನು ಕೂಗುವಾಗ ನಾನು ನಗುತ್ತಿದ್ದೆ. ಇವೇ ಮಾತುಗಳು ತಲೆಯಲ್ಲಿ ಗಾಣದ ಹಾಗೆ ಸುತ್ತಿದವು. ಒಂದು ದೊಡ್ಡ ಅಲೆ ಎದ್ದು ಬಂಡೆಯ ಮೇಲೆ ಒಡೆಯಿತು. ಈ ಸಲ ನೀರು ಇಳಿದ ಮೇಲೆ ಸೀಳು ಖಾಲಿಯಿತ್ತು.

ಆದರೂ ಅವಳು ಕೈ ಇಳಿಸಲಿಲ್ಲ. ಖಾಲಿ ಸೀಳಿನಿಂದ ಕಣ್ಣನ್ನು ಅಂಗುಲ ಅಂಗುಲವಾಗಿ ಜರುಗಿಸುತ್ತ ಹೋದಳು. ನೊರೆ. ನೊರೆ. ನೊರೆಯ ನಡುವೆ ಒಂದು ಚೌಕಳಿ. ಕೈಯನ್ನು ಆ ಕಡೆ ಹೊರಳಿಸಿದಳು, "ಅಲ್ಲಿ! ಅಲ್ಲಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ದೋಣಿಯವನು ಬಗ್ಗಿ ಕಾಲರಿಗೆ ಕೈ ಹಾಕಿದ್ದನ್ನು ನೋಡಿದಳು. ಎರಡು ಕಾಲು ದೋಣಿಯ ಅಂಚು ದಾಟಿ ಒಳಗೆ ಬಿದ್ದದ್ದನ್ನು ನೋಡಿದಳು. ಆಗಲೂ ಅವಳ ಕೈ ಇಳಿಯಲೊಲ್ಲದು. ಡಾಕ್ಟರಮ್ಮನೇ ಹಿಡಿದು ಇಳಿಸಬೇಕಾಯಿತು.

ಅವನು ದೋಣಿಯ ತಳದಲ್ಲಿ ಮುಖ ಕೆಳಗೆ ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಲಗಿಯೇ ದಡಕ್ಕೆ ಬಂದ. ನೀರು ಕಾರಿಸಿದರು. ಕಂಬಳಿ ಹೊದಿಸಿದರು. ಕೋಣೆಗೆ ತಂದು ಮಲಗಿಸಿ ಎಲ್ಲರೂ ಹೋದ ಮೇಲೆ ಅವಳು ಮಂಚದ ಅಂಚಿಗೆ ಕೂತು ಅವನ ಅಂಗೈ ತಿಕ್ಕಿದಳು. ಬಾಯಿ ತೆರೆದರೆ ಬೈಗುಳವೇ ಬಂತು.

"ಬುದ್ಧಿ ಇದೆಯಾ ನಿಮಗೆ? ರಸ್ತೆ ಹೊಂಡಕ್ಕೆ ಹೆದರೋರು ಸಮುದ್ರದ ನಡುವೆ ಯಾಕೆ ಹೋದ್ರಿ?"

"ಒಣ ಮರಳಿತ್ತು," ಎಂದ ಅವನು. ದನಿ ಕಟ್ಟಿಹೋಗಿತ್ತು. "ಗೋಡೆ ಮೇಲಿನ ಫೋಟೋದಲ್ಲಿ ನೀರು ಎಷ್ಟು ಮೆತ್ತಗಿದೆ. ಬಂದ್ರೂ ಪಾದ ಮುಳುಗುತ್ತೆ ಅಷ್ಟೇ ಅಂದ್ಕೊಂಡೆ. ನೀನು ಅಷ್ಟೊಂದು ನೋಡೋ ಬಂಡೆ ಅದು. ಒಂದ್ಸಲ ನಾನೂ ಅದರ ಫೋಟೋದಲ್ಲಿ ಇರೋಣ ಅನ್ನಿಸ್ತು. ನೀವೆಲ್ಲ ಬರೋ ಮೊದಲೇ ಹೋಗಿ ಬಂಡೆ ಹಿಂದೆ ಅವಿತು ಕೂತಿದ್ದೆ, ನೀನು ಫೋಟೋ ತೆಗೆಯೋವಾಗ ಎದ್ದು ನಿಂತು ಆಶ್ಚರ್ಯ ಮಾಡೋಣ ಅಂತ. ಎದ್ದೆ. ನೀವೆಲ್ಲ ಆ ಕಡೆ ತಿರುಗಿದ್ರಿ."

ಅವಳು ಅಂಗೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಕೂಗಿದೆ. ನೀನು ನಗ್ತಾ ಇದ್ದೆ. ಅರ್ಧ ಮುಖ ಕಾಣ್ತಿತ್ತು, ತಲೆ ಹಿಂದಕ್ಕೆ ಹಾಕಿ ನಗ್ತಿದ್ದೆ. ದಾರಿ ಮುಳುಗಿತ್ತು, ನೀರು ಬಂಡೆ ಸುತ್ತ ಏರ್ತಿತ್ತು. ಸಾಯ್ತೀನಿ ಅಂತ ಗೊತ್ತಾಗ್ತಿತ್ತು. ಆದ್ರೂ ಇವಳು ಹೀಗೂ ನಗ್ತಾಳಾ ಅಂತ ಒಂದ್ಸಲ ನೋಡ್ತಾ ನಿಂತುಬಿಟ್ಟೆ. ಅಂಗಡೀಲಿ ಇಷ್ಟು ವರ್ಷದಲ್ಲಿ ನೋಡಿರ್ಲಿಲ್ಲ."

ಅವಳಿಗೆ ಅಳು ಒತ್ತರಿಸಿ ಬಂತು. "ಮನೆಗೆ ಹೋಗಿಬಿಡೋಣ ರೀ. ನನಗೆ ಈ ದ್ವೀಪದ ಸಹವಾಸ ಬೇಡ. ಇನ್ನೊಂದ್ಸಲ ಆ ಮಾತು ಎತ್ತಿದ್ರೆ ಕೇಳಿ."

ಅವನ ಕೈ ಬೆಚ್ಚಗಾಗಲು ತುಂಬ ಹೊತ್ತು ಹಿಡಿಯಿತು.

ಶಿಬಿರವನ್ನು ಅಲ್ಲಿಗೇ ಮುಗಿಸಿದಳು. ಎರಡು ದಿನ ಅವನನ್ನು ಮಲಗಿಸಿ, ಗಂಜಿ ಕುಡಿಸಿ, ಮೂರನೆಯ ಬೆಳಿಗ್ಗೆ ಎಲ್ಲರೂ ಕಟ್ಟೆಗೆ ಬಂದರು. ಸಮುದ್ರ ತಣ್ಣಗಿತ್ತು. ಲಾಂಚಿಗೂ ಕಟ್ಟೆಗೂ ನಡುವೆ ಒಂದು ಹಲಗೆ ಹಾಸಿದ್ದರು. ಚೀಲಗಳು ಹೋದವು, ಟ್ರೈಪಾಡುಗಳು ಹೋದವು, ಡಾಕ್ಟರಮ್ಮ ಹೋಗಿ ಕಂಬದ ಪಕ್ಕದ ಜಾಗ ಹಿಡಿದು, "ಬನ್ನಿ, ನಿಮ್ಮ ಕಂಬ ಕಾಯ್ದಿರಿಸಿದೀನಿ," ಎಂದು ಕೂಗಿದರು.

ಅವನು ಹಲಗೆಯ ಮೇಲೆ ಒಂದು ಕಾಲಿಟ್ಟ. ಹಲಗೆಯ ಸಂದಿಯಲ್ಲಿ ನೀರು ಕಂಡಿತು. ಕಾಲು ಅಲ್ಲೇ ನಿಂತಿತು. ಇನ್ನೊಂದು ಕಾಲು ಏಳಲಿಲ್ಲ. ಅವಳು ಹಿಂದಿನಿಂದ ಮೆಲ್ಲಗೆ ತಳ್ಳಿದಳು. ಗೋಡೆಯನ್ನು ತಳ್ಳಿದ ಹಾಗಾಯಿತು. ಅವನ ಕುತ್ತಿಗೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಇಟ್ಟ ಕಾಲನ್ನೂ ಅವನು ಹಿಂದಕ್ಕೆ ತೆಗೆದ.

"ಆಗಲ್ಲ," ಎಂದ.

"ಕಣ್ಣು ಮುಚ್ಕೊಳ್ಳಿ. ನಾನು ಹಿಡ್ಕೋತೀನಿ."

"ಆಗಲ್ಲ ಕಣೇ. ಕಾಲು ನನ್ನ ಮಾತು ಕೇಳ್ತಿಲ್ಲ."

ಲಾಂಚಿನವನು ಗಂಟೆ ಬಾರಿಸಿದ. "ಬರ್ತೀರಾ, ಇಲ್ವಾ?"

"ನಾಳೆ ಬರ್ತೀವಿ," ಎಂದ ಗಂಡ. ಅದನ್ನು ಅವನು ಹೇಳಿದ ಧಾಟಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ನೋಡೋಣ ಎಂದು ಹೇಳುತ್ತಿದ್ದದ್ದೂ ಇದೇ ಧಾಟಿಯಲ್ಲಿ.

ಹಲಗೆ ಎಳೆದುಕೊಂಡರು. ಲಾಂಚು ಹೊರಟಿತು. ಡಾಕ್ಟರಮ್ಮ ಕೈ ಬೀಸುತ್ತ ಸಣ್ಣಗಾಗುತ್ತ ಹೋದರು. ಗಂಡ ಕಟ್ಟೆಯ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತಿಗೆ ಅವನಿಗೆ ತಮಾಷೆ ಮಾಡುವಷ್ಟು ಉಸಿರು ಬಂತು. "ನಿನ್ನಾಸೆ ಈಡೇರ್ತು ಬಿಡು. ಇಲ್ಲಿಗೆ ಸೇತುವೆ ಕಟ್ಟೋವರೆಗೂ ನಾನು ಇಲ್ಲಿಂದ ಅಲ್ಲಾಡಲ್ಲ. ಆ ಎರಡು ಕೋಣೆ ಕೇಳು."

ನಗಬೇಕೆಂದು ಅವಳು ಪ್ರಯತ್ನಿಸಿದಳು. ಅವನು ನೋಡಲೆಂದು ಕಾಯುತ್ತಿದ್ದಾನೆ ಎಂದು ಗೊತ್ತಾಯಿತು, ಅದಕ್ಕೇ ನಗು ಬರಲೇ ಇಲ್ಲ. ಸುತ್ತ ನೀರು ಮಿನುಗುತ್ತಿತ್ತು, ಬೆಳಕು ಎಂದಿನ ಹಾಗೆ ಒಳ್ಳೆಯದೇ ಇತ್ತು. ಎರಡು ವರ್ಷದಿಂದ ಅವಳು ಕೇಳಿದ್ದು ಇದನ್ನೇ, ಇವನು ಇಲ್ಲಿರಬೇಕೆಂದು. ಅವನ ಪಕ್ಕ ಕೂತು, ಅವನ ಚೌಕಳಿ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಲಾಂಚಿನ ಸದ್ದು ಪೂರ್ತಿ ಅಡಗಿದ ಮೇಲೂ ಅವಳಿಗೆ ಬಿಡುವ ಧೈರ್ಯವಾಗಲಿಲ್ಲ.